ಎಡ ಭುಜದ ಹೊಲಿಗೆ

ಅವನು ಬೆನ್ನು ಹಾಕಿ ನಿಂತಿದ್ದ.

ಅದೇ ಮಾಸಲು ನೀಲಿ ಅಂಗಿ. ಬಲಕ್ಕಿಂತ ತುಸು ಇಳಿದ ಅದೇ ಎಡ ಭುಜ. ಭುಜದ ಮೇಲೊಂದು ಮೂಟೆ.

ಅವಳ ಕೈಲಿದ್ದ ಕತ್ತರಿ ಕೆಳಗೆ ಬಿತ್ತು.

'ಬಂದ್ರಾ...? ಕೊನೆಗೂ ಬಂದ್ರಾ...?'

ಎದ್ದವಳೇ ಓಡಿದಳು. ಸಾಲಾಗಿ ಹಾಸಿದ ಚಾಪೆಗಳನ್ನು ದಾಟಿ, ಯಾರದೋ ಚಹಾದ ಲೋಟ ಒದ್ದು, ಬೈಗುಳ ಕಿವಿಗೂ ಬೀಳದೆ ಓಡಿ, ಆ ಭುಜವನ್ನು ಹಿಂದಿನಿಂದ ಹಿಡಿದುಕೊಂಡಳು.

"ರೀ..."

ಅವನು ತಿರುಗಿದ.

ಬೇರೆ ಮುಖ. ಬೆಳೆದ ಗಡ್ಡ, ನಿದ್ದೆ ಕಾಣದ ಕೆಂಪು ಕಣ್ಣು. ಮೂಟೆಯ ಭಾರಕ್ಕೆ ಭುಜ ಇಳಿದಿತ್ತು, ಅಷ್ಟೇ.

"ಯಾರು ಬೇಕಿತ್ತಮ್ಮಾ?"

ಯಾರು ಬೇಕಿತ್ತು ಎಂದು ಹೇಗೆ ಹೇಳುವುದು?

"ಈ ಅಂಗಿ... ಎಲ್ಲಿ ಸಿಕ್ತು ನಿಮಗೆ?"

"ಇಲ್ಲೇ ಕೊಟ್ರು."

"ಬಿಚ್ಚಿ."

"ಏನಂದ್ರಿ?"

"ಬಿಚ್ಚಿ ಅಂದೆ. ಇದು ನನ್ನ ಗಂಡನ ಅಂಗಿ."

ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದರು. ಅವನು ಮೂಟೆ ಇಳಿಸಿದ. ಒಂದೊಂದೇ ಗುಂಡಿ ಬಿಚ್ಚಿದ. ಅಂಗಿಯನ್ನು ಮಡಿಸಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಆಮೇಲೆ ಒಂದು ಖಾಲಿ ಗೋಣಿಚೀಲ ಹೊದ್ದು, ಮೂಟೆ ಎತ್ತಿಕೊಂಡು ತುಂತುರು ಮಳೆಯಲ್ಲಿ ಹೊರಟುಹೋದ.

ಗೋದಾಮಿನಲ್ಲಿದ್ದವರೆಲ್ಲ ಅವಳತ್ತಲೇ ತಿರುಗಿ ನೋಡಿದರು.

ಅದು ಕಾಳಿನ ಗೋದಾಮು. ಹೊಳೆ ಉಕ್ಕಿ ಕೆಳಗಿನ ಹಳ್ಳಿಗಳು ಮುಳುಗಿದ ಮೇಲೆ ಅದನ್ನೇ ಪರಿಹಾರ ಕೇಂದ್ರ ಮಾಡಿದ್ದರು. ಒಂದು ಮೂಲೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಹಳೇ ಬಟ್ಟೆಯ ಗುಡ್ಡ, ಅದರ ಪಕ್ಕದಲ್ಲಿ ಅವಳ ಹೊಲಿಗೆ ಯಂತ್ರ. ಕೊಟ್ಟವರ ಮೈ ಒಂದು ಅಳತೆ, ತೊಡುವವರ ಮೈ ಇನ್ನೊಂದು. ದೊಡ್ಡದನ್ನು ಚಿಕ್ಕದು ಮಾಡಿ, ಗುಂಡಿ ಹಚ್ಚಿ, ಹರಿದದ್ದನ್ನು ಕೂಡಿಸಿ ಕೊಡುವುದು ಅವಳ ಕೆಲಸ. ಎಲ್ಲರಿಗೂ ಅವಳು ಟೈಲರಮ್ಮ. ಕೆಲಸ ಎಷ್ಟಿತ್ತೆಂದರೆ, ಎತ್ತರದ ಬೀದಿಯಲ್ಲಿ ನೀರು ತಾಗದೆ ಉಳಿದಿದ್ದ ಸ್ವಂತ ಮನೆಗೂ ಹೋಗದೆ ಅವಳು ಅಲ್ಲೇ ಉಳಿದುಬಿಟ್ಟಿದ್ದಳು.

ಚಾಪೆಯ ಮೇಲಿದ್ದ ಅಜ್ಜಿಯೊಬ್ಬಳು ತಡೆಯಲಾರದೆ ಹೇಳಿದಳು. "ಎಂಥ ಕೆಲಸ ಮಾಡಿದೆ ಮಗಳೇ. ಅವರು ನಮ್ಮೂರ ದನದ ಡಾಕ್ಟ್ರು. ನೀರು ಬಂದಾಗ ಕೊಟ್ಟಿಗೆ ಕೊಟ್ಟಿಗೆಗೂ ಈಜ್ಕೊಂಡು ಹೋಗಿ ಹಗ್ಗ ಕುಯ್ದವರು. ತಮ್ಮ ಮನೆ ಕಡೆ ತಿರುಗಿ ನೋಡಕ್ಕೂ ಪುರುಸೊತ್ತಿರಲಿಲ್ಲ. ಮೈಮೇಲೆ ಇದ್ದಿದ್ದೇ ಅದೊಂದು ಅಂಗಿ."

ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಅಂಗಿಯ ಕಾಲರನ್ನು ಮೂಗಿಗೆ ಒತ್ತಿ ಹಿಡಿದು ನಿಂತಿದ್ದಳು.

ಸೋಪಿನ ವಾಸನೆ. ಅದರಡಿಯಲ್ಲಿ ದನದ ವಾಸನೆ. ಇನ್ನೇನೂ ಇಲ್ಲ.

ತೋಳನ್ನೂ ಮೂಸಿದಳು. ಅಲ್ಲೂ ಸೋಪು.

ಹಿಂದಿನ ಸಲ ಹೊಳೆ ಉಕ್ಕಿದಾಗ ಅವಳ ಗಂಡ ಅಕ್ಕಿ, ಔಷಧಿ ತುಂಬಿಕೊಂಡು ನೀರು ಸುತ್ತುವರಿದ ಹಳ್ಳಿಯೊಂದಕ್ಕೆ ದೋಣಿ ತೆಗೆದುಕೊಂಡು ಹೋಗಿದ್ದ. ದೋಣಿ ಮಗುಚಿ ತೇಲಿ ಬಂತು. ಅವನು ಬರಲಿಲ್ಲ. ದೇಹವೂ ಸಿಗಲಿಲ್ಲ. ಅಂದಿನಿಂದ ಅವಳನ್ನು ಹೆಂಡತಿ ಎನ್ನಬೇಕೋ ವಿಧವೆ ಎನ್ನಬೇಕೋ ಊರಿಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಉಳಿದದ್ದು ಹಿಂದಿನ ದಿನ ಅವನು ಬಿಚ್ಚಿ ಹಾಕಿದ್ದ ಈ ಅಂಗಿ. ಮೂಟೆ ಹೊತ್ತು ಹೊತ್ತು ಇಳಿದ ಅವನ ಎಡ ಭುಜಕ್ಕೆ ಸರಿಯಾಗಿ ಅವಳೇ ಕತ್ತರಿಸಿ ಹೊಲಿದದ್ದು. ಒಗೆಯದೆ ಇಟ್ಟಿದ್ದಳು. ಕುರ್ಚಿಗೆ ತೊಡಿಸಿದ್ದಳು. ಎದುರಿಗೆ ತಟ್ಟೆ ಇಡುತ್ತಿದ್ದಳು. ಮಾತಾಡುತ್ತಿದ್ದಳು.

ಕೇಂದ್ರದ ಅಡುಗೆಗೆ ಅವಳ ಅತ್ತೆ ದಿನಾ ಮನೆಯಿಂದ ಬರುತ್ತಿದ್ದರು. ಅವರ ಹತ್ತಿರ ಹೋಗಿ ಅಂಗಿ ಚಾಚಿದಳು.

"ಅತ್ತೆ, ಇದು ಹೇಗೆ ಇಲ್ಲಿಗೆ ಬಂತು?"

ಅತ್ತೆ ಪಾತ್ರೆಯೊಳಗೇ ನೋಡುತ್ತಿದ್ದರು. "ಮನೇಲಿದ್ದ ಹಳೇ ಬಟ್ಟೆ ಗಂಟು ಕಟ್ಟಿ ಕಳಿಸಿದೆನಲ್ಲ... ಅದರ ಜೊತೆ ಸೇರಿ ಬಂದಿರಬೇಕು."

ಅವಳು ನಂಬಿದಳು. ಸಿಟ್ಟೆಲ್ಲ ಇನ್ನೊಬ್ಬನ ಮೇಲೆ ತಿರುಗಿತು.

ದನದ ಡಾಕ್ಟರ್ ಕೇಂದ್ರದ ಅಡುಗೆ ಚಪ್ಪರದ ಪಕ್ಕದಲ್ಲೇ ದನಗಳಿಗೆ ತಗಡಿನ ಸೂರು ಹಾಕಿದ್ದ. ಕರುವೊಂದರ ಕಾಲಿನ ಗಾಯ ತೊಳೆಯುತ್ತಿದ್ದವನ ಮುಂದೆ ಹೋಗಿ ನಿಂತಳು.

"ಇದನ್ನ ಒಗೆದ್ರಾ ನೀವು?"

ಅವನು ತಲೆ ಎತ್ತಿದ. ಅವಳ ಭುಜದಾಚೆ, ಸೌಟು ಹಿಡಿದು ಕಲ್ಲಾಗಿ ನಿಂತಿದ್ದ ಅತ್ತೆಯನ್ನು ನೋಡಿದ.

"ಹೌದು. ನಾನೇ ಒಗೆದೆ. ತಪ್ಪಾಯ್ತು."

"ಅವರು ಉಳಿದಿದ್ದೇ ಆ ಬೆವರಿನ ವಾಸನೇಲಿ. ಹೊಳೆ ಬಿಟ್ಟು ಹೋಗಿದ್ದನ್ನ ನೀವು ತೊಳೆದುಬಿಟ್ರಿ." ಅವಳು ಅಂಗಿಯನ್ನು ಎದೆಗೆ ಅಪ್ಪಿಕೊಂಡಳು. "ನಿಮ್ಮ ಮುಖ ನೋಡೋಕೂ ನನಗೆ ಇಷ್ಟ ಇಲ್ಲ."

ಅವನು ಮತ್ತೆ ಕರುವಿನ ಕಾಲಿಗೆ ಬಗ್ಗಿದ. ನಡೆದದ್ದನ್ನು ಹೇಳಬಹುದಾಗಿತ್ತು... ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕೆಲವರ ಬಾಯಿ ಬೇಕಾದಾಗಲೇ ತೆರೆಯುವುದಿಲ್ಲ ನೋಡಿ.

ಮುಖ ನೋಡಲು ಇಷ್ಟವಿಲ್ಲ ಎಂದವಳಿಗೆ ಮರುದಿನವೆಲ್ಲ ಗೋಣಿಚೀಲ ಹೊದ್ದ ಒಂದು ಬೆನ್ನೇ ಕಾಣುತ್ತಿತ್ತು. ಮಳೆಯಲ್ಲಿ ಮೇವು ಹೊರುತ್ತಿದೆ, ಚಳಿಗೆ ಕೆಮ್ಮುತ್ತಿದೆ.

'ನನಗೇನಂತೆ?' ಎಂದುಕೊಂಡಳು.

ಬಟ್ಟೆ ಗುಡ್ಡದಲ್ಲಿ ಅವನ ಅಳತೆಯ ಅಂಗಿ ಒಂದೂ ಸಿಗಲಿಲ್ಲ. ಗಟ್ಟಿ ಬಟ್ಟೆ ಎಂದರೆ ದೊಡ್ಡ ದೊಡ್ಡ ಕೆಂಪು ಹೂಗಳಿದ್ದ ಒಂದು ಹಾಸಿಗೆಯ ಹೊದಿಕೆ. ಹಲ್ಲು ಕಚ್ಚಿಕೊಂಡು ಅದನ್ನೇ ಕತ್ತರಿಸಿ, ಹೊಲಿದು, ಅಜ್ಜಿಯ ಕೈಯಲ್ಲಿ ಕಳಿಸಿದಳು.

ಅವನು ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ಅದನ್ನು ತೊಟ್ಟು ಬಂದ. ನೀರು ಬಂದ ಮೇಲೆ ಆ ಗೋದಾಮು ನಕ್ಕದ್ದು ಅದೇ ಮೊದಲು.

"ಡಾಕ್ಟ್ರೇ, ಎಮ್ಮೆ ಹತ್ರ ಹೋಗೋವಾಗ ಹುಷಾರು. ತೋಟ ಅಂದ್ಕೊಂಡು ಮೇಯಕ್ಕೆ ಬಂದ್ಬಿಟ್ಟಾತು," ಎಂದಳು ಅಜ್ಜಿ. ಆಮೇಲೆ ಟೈಲರಮ್ಮನ ಕಿವಿಯಲ್ಲಿ, "ಮದುವೆ ಆಗಿಲ್ಲ. ದನಗಳೇ ಸಂಸಾರ."

"ನಾನು ಕೇಳಿದ್ನಾ ಅಜ್ಜಿ?"

"ನೀನೆಲ್ಲಿ ಕೇಳ್ದೆ. ನಾನೇ ಹೇಳ್ದೆ."

ಅವನು ಯಂತ್ರದ ಹತ್ತಿರ ಬಂದು ನಿಂತ. "ಅಳತೇನೇ ತಗೊಂಡಿಲ್ಲ. ಆದ್ರೂ ಸರಿಯಾಗಿ ಕೂತಿದೆ."

"ಕಣ್ಣಳತೆ." ಅವಳು ತಲೆ ಎತ್ತಲಿಲ್ಲ.

ಆಮೇಲೆ ಅವನು ದನಗಳ ಗಾಯಕ್ಕೆ ಬಟ್ಟೆಪಟ್ಟಿ ಬೇಕೆಂದು ಬರತೊಡಗಿದ. ಹರಿದು ಕೊಡಲು ಅವಳು ಹಳೇ ಸೀರೆಗಳನ್ನು ಎತ್ತಿಡತೊಡಗಿದಳು. ಮಾತು ಕಡಿಮೆ. ಆದರೂ ಅವನು ಬರುವ ಹೊತ್ತಿಗೆ ಅವಳ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು.

ಒಂದು ಮಧ್ಯಾಹ್ನ ಅವನು ಏನೋ ಹೇಳುತ್ತಾ ಹೇಳುತ್ತಾ ಅರ್ಧಕ್ಕೇ ನಿಲ್ಲಿಸಿದ. ಮುಖ ಬಿಳಿಚಿಕೊಂಡಿತು. ಕಿವಿಗೊಟ್ಟು ನಿಂತ.

"ಏನಾಯ್ತು?"

"ಗಂಟೆ... ಕೇಳಿಸ್ತಾ?"

ಯಾವ ಗಂಟೆಯೂ ಇರಲಿಲ್ಲ. ತಗಡಿನ ಮೇಲೆ ಮಳೆ, ಅಷ್ಟೇ.

ಅವನು ಬಟ್ಟೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದ. "ಕೊನೇ ಕೊಟ್ಟಿಗೆಗೆ ನನ್ನ ಕೈಲಿ ಹೋಗಕ್ಕಾಗಲಿಲ್ಲ. ಸೆಳೆತ ಜೋರಿತ್ತು. ಆ ಹಸುವಿನ ಕೊರಳಲ್ಲಿ ಗಂಟೆ ಇತ್ತು. ಬಾರಿಸ್ತಾನೇ ಇತ್ತು... ಆಮೇಲೆ ನಿಂತುಹೋಯ್ತು. ನನಗೆ ಮಾತ್ರ ನಿಂತಿಲ್ಲ."

ಅವಳ ಕಾಲು ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತಿತು. ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ನನಗೆ ದೋಣಿಯ ಇಂಜಿನ್ ಕೇಳುತ್ತೆ. ಬಂತು, ಬಂತು, ಇನ್ನೇನು ದಡಕ್ಕೆ ಬಂತು ಅನ್ನೋ ಹಾಗೆ. ಮಿಷನ್ ಜೋರಾಗಿ ತುಳಿದ್ರೆ ಕೇಳಲ್ಲ. ಅದಕ್ಕೇ ಇಷ್ಟು ಹೊಲೀತೀನಿ. ಜನ ನನ್ನನ್ನ ಪುಣ್ಯಾತ್ಗಿತ್ತಿ ಅಂತಾರೆ..."

ಅವನು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸುಮ್ಮನೆ ಅವಳ ಎದುರಿಗೆ ಕೂತ. ಬಹಳ ದಿನಗಳ ಮೇಲೆ ಅವಳಿಗೆ ತಾನು ಒಬ್ಬಳೇ ಅಲ್ಲ ಅನ್ನಿಸಿತು. ಎಷ್ಟು ಹಾಯಾಗಿತ್ತು ಅದು!

ಆಗಲೇ ಗಾಳಿ ಬೀಸಿತು. ಅವಳ ಹಿಂದೆ ಮೊಳೆಗೆ ನೇತು ಹಾಕಿದ್ದ ನೀಲಿ ಅಂಗಿಯ ತೋಳು ಎದ್ದು ಅವಳ ಕತ್ತನ್ನು ಸವರಿತು.

ಅವಳು ಬೆಚ್ಚಿಬಿದ್ದಳು.

'ನೋಡ್ತಿದ್ದಾರೆ... ಎಲ್ಲಾ ನೋಡ್ತಿದ್ದಾರೆ.'

"ಇನ್ಮೇಲೆ ನೀವು ಇಲ್ಲಿಗೆ ಬರಬೇಡಿ," ಎಂದಳು. "ಬಟ್ಟೆಪಟ್ಟಿ ಅಜ್ಜಿ ಕೈಲಿ ಕಳಿಸ್ತೀನಿ."

ಅವನು ಅಂಗಿಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಆಯ್ತು," ಎಂದು ಎದ್ದುಹೋದ.

ನೀರು ಇಳಿಯಿತು. ಜನ ಗಂಟುಮೂಟೆ ಕಟ್ಟತೊಡಗಿದರು. ದನದ ಡಾಕ್ಟರ ಊರಿಗೆ ರಸ್ತೆ ಕೊಚ್ಚಿಹೋಗಿದ್ದರಿಂದ ದೋಣಿಯೇ ಗತಿ ಎಂದರು. ಬೆಳಿಗ್ಗೆಯಿಂದ ಆ ಕಡೆ ದೋಣಿಗಳು ಹೋಗಿಬರುತ್ತಿದ್ದವು. ಅವನು ಹೇಳಿ ಹೋಗಲೂ ಬರಲಿಲ್ಲ. ಬರಬೇಡಿ ಎಂದವಳೇ ಅವಳಲ್ಲವೇ?

ಅವಳು ಯಾವುದೋ ತುಂಡು ಬಟ್ಟೆಯ ಮೇಲೆ ಸುಮ್ಮನೆ ಹೊಲಿಗೆ ಓಡಿಸುತ್ತಿದ್ದಳು. ಅತ್ತೆ ಬಂದು ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು.

"ಅಂಗಿ ಒಗೆದಿದ್ದು ಅವರಲ್ಲ. ನಾನು."

"ಅತ್ತೆ...?"

"ನೀನು ಇಲ್ಲೇ ಉಳ್ಕೊಂಡ ದಿನ ಮನೇಲಿ ನಾನೊಬ್ಬಳೇ ಊಟಕ್ಕೆ ಕೂತೆ. ಎದುರಿಗೆ ಅವನ ಅಂಗಿ. 'ಇನ್ನೊಂಚೂರು ಅನ್ನ ಹಾಕ್ಲಾ ಮಗಾ' ಅಂತ ಕೇಳ್ಬಿಟ್ಟೆ. ಕೇಳಿದ್ದು ದೊಡ್ಡದಲ್ಲ. ಉತ್ತರಕ್ಕೆ ಕಾಯ್ತಾ ಕೂತಿದ್ದೆ ಕಣೇ. ಅನ್ನ ಆರಿ ಹೋಗೋ ತನಕ ಕಾಯ್ದೆ." ಅತ್ತೆ ಚಕ್ರದ ಮೇಲಿನ ಕೈ ತೆಗೆದರು. "ಆಗ ಭಯ ಆಯ್ತು. ಹೊಳೆ ಅವನೊಬ್ಬನನ್ನ ತಗೊಂಡಿತ್ತು. ಈ ಅಂಗಿ ಉಳಿದ ನಮ್ಮಿಬ್ಬರನ್ನೂ ತಗೊಳ್ಳುತ್ತೆ ಅನ್ನಿಸ್ತು."

"ನೀವು ಅವರಮ್ಮ ಅಲ್ವಾ? ಹೇಗೆ ಮನಸ್ಸು ಬಂತು ನಿಮಗೆ?"

"ಒಗೆದೆ. ಆ ಬಕೆಟ್ ನೀರು ಚೆಲ್ಲೋಕೆ ಮಾತ್ರ ಮನಸ್ಸು ಬರಲಿಲ್ಲ. ಕತ್ತಲಾಗೋ ತನಕ ಅದರ ಪಕ್ಕದಲ್ಲೇ ಕೂತಿದ್ದೆ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಮಾರನೇ ದಿನ ಆ ಡಾಕ್ಟ್ರು ಬರೀ ಮೈಲಿ ನಡುಗ್ತಾ ನಿಂತಿದ್ರು. ಇನ್ನೂ ಒದ್ದೆ ಇದ್ದ ಅಂಗೀನ ನನ್ನ ಕೈಯಾರೆ ಕೊಟ್ಟೆ. ನೀನು ಕೇಳಿದಾಗ ನಿಜ ಹೇಳೋಕೆ ಧೈರ್ಯ ಆಗಲಿಲ್ಲ. ನೀನೂ ನನ್ನ ಬಿಟ್ಟು ಹೋದ್ರೆ ನನಗ್ಯಾರಿದ್ದಾರೆ? ಕಣ್ಣಲ್ಲೇ ಅವರನ್ನ ಬೇಡ್ಕೊಂಡೆ. ಅವರು ಹೊಟ್ಟೆಗೆ ಹಾಕ್ಕೊಂಡ್ರು."

ಅವಳು ಅತ್ತೆಯನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತರು. ದೋಣಿ ಮಗುಚಿದ ಮೇಲೆ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲ ಸಲ.

"ಹೋಗು," ಎಂದರು ಅತ್ತೆ, ಅವಳ ಕೆನ್ನೆ ಒರೆಸಿ. "ಕೊನೇ ದೋಣಿ ಇನ್ನೂ ಹೊರಟಿಲ್ಲ."

ಅವಳು ಮೊಳೆಯಿಂದ ನೀಲಿ ಅಂಗಿ ತೆಗೆದಳು. ಬ್ಲೇಡ್ ಹಿಡಿದಳು. ಎಡ ಭುಜದ ಹೊಲಿಗೆಯ ಮೊದಲ ದಾರ ಕುಯ್ದಳು... ಎರಡನೆಯದು... ಒಂದೊಂದು ದಾರಕ್ಕೂ ಮನಸ್ಸಿನಲ್ಲೇ ಗಂಡನ ಅಪ್ಪಣೆ ಕೇಳಿದಳು.

ದಡದಲ್ಲಿ ದನದ ಡಾಕ್ಟರ್ ಕೊನೆಯ ಕರುವನ್ನು ದೋಣಿಗೆ ಹತ್ತಿಸುತ್ತಿದ್ದ. ಕೆಂಪು ಹೂವಿನ ಅಂಗಿ ದೂರದಿಂದಲೇ ಕಂಡಿತು. ನೀರಿನಿಂದ ಸ್ವಲ್ಪ ದೂರದಲ್ಲೇ ಅವಳ ಕಾಲು ನಿಂತಿತು. ಗಂಡ ಹೋದ ಮೇಲೆ ಅವಳು ಹೊಳೆಯ ಇಷ್ಟು ಹತ್ತಿರ ಬಂದಿರಲಿಲ್ಲ.

"ಡಾಕ್ಟ್ರೇ."

ಅವನು ತಿರುಗಿ ನೋಡಿ, ದಡ ಹತ್ತಿ ಬಂದ.

"ಒಗೆದಿದ್ದು ನೀವಲ್ಲ ಅಂತ ಯಾಕೆ ಹೇಳಲಿಲ್ಲ?"

"ನನ್ನ ಮೇಲೆ ಸಿಟ್ಟಿದ್ರೆ ನಿಮಗೇನೂ ನಷ್ಟ ಇಲ್ಲ. ನಿಮ್ಮತ್ತೆ ಮೇಲೆ ಸಿಟ್ಟಾಗಿದ್ರೆ ನಿಮಗೆ ಮನೇಲಿ ಯಾರೂ ಉಳೀತಿರಲಿಲ್ಲ."

"ನಷ್ಟ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?" ಅವಳ ಕಣ್ಣು ತುಂಬಿತು. "ನೀವು ಹೊರಟ್ರಿ ಅಂದಾಗಿಂದ ನನ್ನ ಕೈಲಿ ಒಂದು ಹೊಲಿಗೇನೂ ನೆಟ್ಟಗೆ ಬಿದ್ದಿಲ್ಲ. ನನಗೆ ನೀವು ಬೇಕು ಅನ್ನಿಸ್ತಿದೆ. ಹಾಗೆ ಅನ್ನಿಸೋಕೆ ಭಯಾನೂ ಆಗ್ತಿದೆ."

ಅವನು ಕೈಯ ಕೆಸರನ್ನು ಒರೆಸಿಕೊಂಡ. "ನನಗೆ ಮೊದಲ ದಿನದಿಂದಲೇ ಅನ್ನಿಸಿತ್ತು. ಒಂದು ಅಂಗೀನ ಹಾಗೆ ಅಪ್ಪಿಕೊಂಡು ನಿಂತವರನ್ನ ನಾನು ನೋಡಿರಲಿಲ್ಲ. ಆದ್ರೆ ಅವರ ಜಾಗಕ್ಕೆ ಬರೋ ಯೋಗ್ಯತೆ ನನಗಿಲ್ಲ."

"ಆ ಜಾಗ ಅವರದ್ದೇ. ಅದರಲ್ಲಿ ಯಾರೂ ಕೂರೋದು ಬೇಡ. ನೀವು ಪಕ್ಕದಲ್ಲಿರಿ."

ಅವಳು ಅಂಗಿ ಬಿಡಿಸಿ ಹಿಡಿದಳು. ಎಡ ಭುಜ ತೆರೆದುಕೊಂಡಿತ್ತು.

"ನೆಟ್ಟಗೆ ನಿಂತ್ಕೊಳ್ಳಿ. ಅಳತೆ ತಗೋಬೇಕು."

"ಕಣ್ಣಳತೆ ಸಾಕಾಗಲ್ವಾ?"

"ಈ ಅಂಗಿಗೆ ಸಾಕಾಗಲ್ಲ."

ಅವಳು ಟೇಪು ತಂದಿರಲಿಲ್ಲ. ಗೇಣು ಹಾಕಿ, ಕತ್ತಿನಿಂದ ಭುಜದ ತುದಿಯವರೆಗೆ ಅಳೆದಳು. ಅವನ ಭುಜ ನೆಟ್ಟಗಿತ್ತು. ಬೆಚ್ಚಗಿತ್ತು. ಅವಳ ಬೆರಳು ಅಲ್ಲೇ ಉಳಿಯಿತು.

"ಹೊಲಿದು ಕೊಡೋದು ಯಾವಾಗ?" ಅವನು ಕೇಳಿದ. "ನಾನು ಹೊರಟೆ. ಊರೆಲ್ಲ ಕೆಸರು ಎತ್ತಬೇಕು."

"ನಾನೇ ತರ್ತೀನಿ, ಮಿಷನ್ ಸಮೇತ. ಕೆಸರಲ್ಲಿ ಸಿಕ್ಕ ಬಟ್ಟೆನೆಲ್ಲ ಯಾರು ಸರಿ ಮಾಡ್ತಾರೆ ಅಲ್ಲಿ? ಅತ್ತೇನೂ ಬರ್ತಾರೆ."

"ದೋಣಿ ಹತ್ತಬೇಕಾಗುತ್ತೆ."

ಅವಳು ಹೊಳೆಯನ್ನು ನೋಡಿದಳು. ದೂರದಲ್ಲೆಲ್ಲೋ ಇಂಜಿನ್ನಿನ ಸದ್ದು... ಬಂತು, ಬಂತು. ಅದು ನಿಜದ್ದೋ ಒಳಗಿನದ್ದೋ ಅವಳಿಗೆ ಈಗಲೂ ತಿಳಿಯಲಿಲ್ಲ.

"ಕೈ ಹಿಡ್ಕೋತೀರಾ?"

"ಹಿಡ್ಕೋತೀನಿ."

"ಅಲ್ಲಿ ನಿಮಗೆ ಗಂಟೆ ಕೇಳಿಸಿದ್ರೆ ಮುಚ್ಚಿಡಬೇಡಿ. ನನಗೆ ಹೇಳಿ. ಮಿಷನ್ ಜೋರಾಗಿ ತುಳೀತೀನಿ."

"ಇಬ್ಬರಿಗೂ ಆಗೋವಷ್ಟಾ?"

"ಹ್ಞೂಂ... ಇಬ್ಬರಿಗೂ ಆಗೋವಷ್ಟು."