ಜೇಬಿಲ್ಲದ ಅಂಗಿ

ಮೂರನೆಯ ಸಲವೂ ದಾರ ಸೂಜಿಯ ಕಣ್ಣಿನ ಪಕ್ಕದಲ್ಲೇ ಹಾದುಹೋಯಿತು. ಅವಳು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತೋಳನ್ನು ಆದಷ್ಟೂ ದೂರ ಚಾಚಿ, ನಾಲ್ಕನೆಯ ಸಲಕ್ಕೆಂದು ಉಸಿರು ಬಿಗಿಹಿಡಿದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

"ಬಿಳಿ ಅಂಗಿ ಹೊಲಿಯೋ ಟೈಲರಮ್ಮ ನೀವೇನಾ?"

ಬಂದ ಇನ್ನೊಬ್ಬ, ಎಂದುಕೊಂಡಳು ಅವಳು.

ಅವರ ಕ್ರೈಸ್ತ ಸಭೆಯಲ್ಲಿ ಅದೊಂದು ಪದ್ಧತಿ. ನಲವತ್ತು ದಾಟಿದವರು ಕೊನೆಯ ದಿನ ತಮಗೆ ತೊಡಿಸಬೇಕಾದ ಬಿಳಿ ಅಂಗಿಯನ್ನು ಮೊದಲೇ ಹೊಲಿಸಿ ಪೆಟ್ಟಿಗೆಯಲ್ಲಿಟ್ಟುಕೊಳ್ಳಬೇಕು. ಕುತ್ತಿಗೆಯಿಂದ ಪಾದದವರೆಗೆ ಒಂದೇ ಬಿಳಿ ಬಟ್ಟೆ. ಗುಂಡಿಯಿಲ್ಲ, ಕಸೂತಿಯಿಲ್ಲ, ಜೇಬಿಲ್ಲ. ಕರ್ತನ ಬಳಿಗೆ ಹೋಗುವವರು ಏನನ್ನೂ ಹೊತ್ತೊಯ್ಯುವುದಿಲ್ಲವಷ್ಟೆ. ಬಟ್ಟೆ ಸಭೆಯದೇ, ತಲೆಗೆ ನಾಲ್ಕು ಗಜ. ಹಾಗಾಗಿ ಅಂಗಿ ಮೈಯಳತೆಗೆ ಸರಿಯಾಗಿ, ಬಿಗಿಯಾಗಿಯೇ ಬರುತ್ತಿತ್ತು.

ಇಪ್ಪತ್ತು ವರ್ಷದಿಂದ ಅವನ್ನು ಹೊಲಿಯುತ್ತಿದ್ದ ಅವಳಿಗೆ ಪರಲೋಕದ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಕರಾರಿದ್ದದ್ದು ಅಲ್ಲಿಗೆ ಹೊರಟು ನಿಂತವರ ಮೇಲೆ. ಮೇಲಿನ ಬಂಗಾರದ ಬೀದಿಯನ್ನು ನೆನೆದು ಕಣ್ಣೀರು ಹಾಕುವವರು ತಮ್ಮ ಮನೆಯೆದುರಿನ ಬೀದಿಯ ಕಸ ಗುಡಿಸುತ್ತಿರಲಿಲ್ಲ. ದೂರ ಹೋಗಿ ಹುಡುಕುವುದೇನೂ ಬೇಕಿರಲಿಲ್ಲ, ಮನೆಯಲ್ಲೇ ಅತ್ತಿಗೆಯಿದ್ದಳು. ಅಣ್ಣ ತೀರಿಕೊಂಡ ಮೇಲೆ ಇವರಿಬ್ಬರದೇ ಸಂಸಾರ. ಹೊಲಿದ ಪ್ರತಿ ಅಂಗಿಯನ್ನೂ ತಿರುಗಿಸಿ ಮುರುಗಿಸಿ ನೋಡಿ ಸಭೆಯ ಪರವಾಗಿ ಒಪ್ಪಿಗೆ ಕೊಡುವವಳು ಅತ್ತಿಗೆಯೇ. ಅಡುಗೆಮನೆಯ ನಲ್ಲಿ ಎರಡು ವರ್ಷದಿಂದ ಸೋರುತ್ತಿದ್ದರೂ ಅವಳು, "ಈ ಮನೆ ನಮ್ಮದಲ್ಲ ಕಣೇ, ನಾವಿಲ್ಲಿ ಪ್ರಯಾಣಿಕರು" ಎನ್ನುತ್ತಿದ್ದಳು. ಪ್ರಯಾಣಿಕರು ತಾವು ಕುಡಿದ ಲೋಟ ತೊಳೆಯಬಾರದೆಂದು ಯಾವ ಅಧ್ಯಾಯದಲ್ಲಿ ಬರೆದಿದೆಯೋ!

"ನಾನೇ. ಬನ್ನಿ, ಇಲ್ಲಿ ನಿಂತ್ಕೊಳ್ಳಿ. ಕೈ ಎತ್ತಿ."

ಬಂದವನ ಗುರುತು ಅವಳಿಗಿತ್ತು. ಮಾರ್ಕೆಟ್ ರಸ್ತೆಯ ಕನ್ನಡಕದಂಗಡಿಯವನು. ಹೆಂಡತಿ ತೀರಿಹೋಗಿ ನಾಲ್ಕು ತಿಂಗಳು, ಅಂಗಡಿಯ ಶಟರ್ ಇಳಿದೂ ನಾಲ್ಕು ತಿಂಗಳು. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದ. ತೊಟ್ಟ ಅಂಗಿಯ ಎರಡನೆಯ ಗುಂಡಿ ಇರಲಿಲ್ಲ. ಹೇಗಿರುತ್ತದೆ? ಪರಲೋಕದ ಗಿರಾಕಿಗಳಿಗೆ ಈ ಲೋಕದ ಗುಂಡಿ ಯಾಕೆ?

ಟೇಪನ್ನು ಎದೆಯ ಸುತ್ತ ತಂದಳು. "ಮೂವತ್ತನಾಲ್ಕು." ಸೊಂಟಕ್ಕಿಳಿಸಿದಳು. "ಇಪ್ಪತ್ತೊಂಬತ್ತು. ಏನ್ರೀ, ಊಟಗೀಟ ಬಿಟ್ಟಿದ್ದೀರಾ?"

"ಹೋಗೋದಕ್ಕೆ ತಯಾರಾಗಿದ್ದೀನಿ, ಅಷ್ಟೆ."

"ಕಾಣ್ತಿದೆ. ಇನ್ನೆರಡು ತಿಂಗಳು ಬಿಟ್ಟು ಬಂದಿದ್ರೆ ಮೂರೇ ಗಜದಲ್ಲಿ ಮುಗೀತಿತ್ತು."

ಅವನಿಗೆ ಸಿಟ್ಟು ಬರಲಿಲ್ಲ. ಎತ್ತಿದ ಕೈಗಳನ್ನು ಇಳಿಸಲೂ ಮರೆತು, ಗೋಡೆ ನೋಡುತ್ತ ಕೇಳಿದ, "ಒಂದು ಜೇಬು ಇಡೋಕಾಗುತ್ತಾ? ಒಳಗಡೆ, ಎಡಕ್ಕೆ. ಚಿಕ್ಕದು."

"ಜೇಬಿಲ್ಲ. ನಿಯಮ ಗೊತ್ತಲ್ಲ? ಏನು ತಗೊಂಡ್ ಹೋಗ್ತೀರಿ ಅಷ್ಟು ದೂರ, ಅಂಗಡಿ ಬೀಗದ ಕೈನಾ?"

"ನನ್ನ ಹೆಂಡತಿ ಕನ್ನಡಕ," ಎಂದ. "ಮೈನಸ್ ಎಂಟು. ಅದಿಲ್ಲದಿದ್ರೆ ಅವಳಿಗೆ ನಾಲ್ಕಡಿ ಆಚೆ ನಿಂತಿರೋರು ಯಾರು ಅಂತ ಗೊತ್ತಾಗಲ್ಲ. ಆಸ್ಪತ್ರೇಲಿ ತೆಗೆದು ನನ್ನ ಕೈಗೆ ಕೊಟ್ರು, ಜೇಬಲ್ಲಿ ಇಟ್ಕೊಂಡೆ. ಮಣ್ಣು ಮಾಡಿ ಮನೆಗೆ ಬಂದು ನೋಡ್ತೀನಿ, ಜೇಬಲ್ಲೇ ಇದೆ! ಊರಿಗೆಲ್ಲ ಕನ್ನಡಕ ಹಾಕೋನು ನಾನು. ಅವಳನ್ನ ಹಾಗೇ ಕಳಿಸಿಬಿಟ್ಟೆ. ನಾಳೆ ನಾನು ಹೋಗಿ ಎದುರು ನಿಂತ್ರೂ, ನಾನೇ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?"

ಅವಳಿಗೆ ನಗು ಬಂದುಬಿಟ್ಟಿತು. ಒಳ್ಳೆಯ ನಗುವಲ್ಲ.

"ಹುಟ್ಟುಕುರುಡನಿಗೇ ಕಣ್ಣು ಕೊಟ್ಟ ಕರ್ತನಿಗೆ ನಿಮ್ಮ ಮೈನಸ್ ಎಂಟು ದೊಡ್ಡದಾ? ಅಲ್ಲಿ ನಿಮ್ಮಷ್ಟು ಒಳ್ಳೆ ಕನ್ನಡಕದೋರು ಇಲ್ಲ ಅಂದ್ಕೊಂಡ್ರಾ? ಕೈ ಇಳಿಸಿ, ಅಳತೆ ಆಯ್ತು."

ಅವನು ಕೈ ಇಳಿಸಿದ. ಬಾಗಿಲವರೆಗೆ ಹೋಗಿ ತಿರುಗಿದ.

"ಟೈಲರಮ್ಮ, ಆಗ ನೋಡ್ತಾ ನಿಂತಿದ್ದೆ. ದಾರ ಪೋಣಿಸೋಕೆ ಮೂರು ಸಲ ಒದ್ದಾಡಿದ್ರಿ. ನಿಮಗೆ ಪ್ಲಸ್ ಒಂದೂವರೆ ಬೇಕು."

"ನನ್ನ ಕಣ್ಣು ಚೆನ್ನಾಗೇ ಇದೆ."

"ಚೆನ್ನಾಗಿದೆ," ಎಂದುಬಿಟ್ಟ. ಏನಂದೆನೆಂದು ಅಂದ ಮೇಲೆ ಹೊಳೆದು ಅವನ ಕಿವಿ ಕೆಂಪಾಯಿತು. "ಪವರ್ ಬೇಕು ಅಂದೆ, ಅಷ್ಟೆ."

ಅವನು ಹೋದ ಮೇಲೆ ಅವಳು ನಾಲ್ಕನೆಯ ಸಲವೂ ತಪ್ಪಿದಳು. ಶನಿ, ಎಂದು ಬೈದಳು. ಸೂಜಿಗೋ ಅವನಿಗೋ ಅವಳಿಗೇ ತಿಳಿಯಲಿಲ್ಲ.

ಆ ವಾರ ಅವಳು ಹೊಲಿದ ಒಂದು ಅಂಗಿಯ ಅಂಚು ಹಾವಿನ ಹಾಗೆ ಡೊಂಕಾಯಿತು. ಅತ್ತಿಗೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡು ಯಾವ ಮುಖ ಇಟ್ಕೊಂಡು ಮೇಲೆ ಹೋಗೋದು?" ಎಂದಳು. ಬೇರೆ ದಾರಿಯಿರಲಿಲ್ಲ. ಅವಳು ಮಾರ್ಕೆಟ್ ರಸ್ತೆಗೆ ಹೋಗಿ, ಅರ್ಧ ಎತ್ತಿದ್ದ ಶಟರಿನಡಿ ಬಗ್ಗಿ ಒಳಹೊಕ್ಕಳು.

ಅಂಗಡಿಯೊಳಗೆ ಧೂಳಿನ ವಾಸನೆ. ಕೌಂಟರಿನ ಡ್ರಾಯರ್ ಬಾಯಿ ತೆರೆದಿತ್ತು. ಅದರ ತುಂಬ ಚೀಟಿ ಅಂಟಿಸಿದ ಲಕೋಟೆಗಳು, ಒಂದೊಂದರಲ್ಲೂ ಒಂದೊಂದು ಫ್ರೇಮು. ಚೀಟಿಗಳನ್ನು ಅವಳು ತೋಳು ಚಾಚಿ ಹಿಡಿದು ಓದಿದಳು. ಬಸ್ ಡ್ರೈವರ್. ನರ್ಸಮ್ಮ. ಬೈಬಲ್ ಓದೋ ಅಜ್ಜಿ.

"ಇವೆಲ್ಲ ಏನು?"

"ಲೆನ್ಸ್ ಕೂರಿಸಬೇಕಿತ್ತು. ಆಗಲೇ ಇವಳು..."

"ನಾಲ್ಕು ತಿಂಗಳಿಂದ ಬಸ್ ಡ್ರೈವರು ಕನ್ನಡಕ ಇಲ್ದೆ ಬಸ್ ಓಡಿಸ್ತಿದ್ದಾರೆ! ಅದೇ ಬಸ್ಸಲ್ಲಿ ನಾನು ದಿನಾ ಹೋಗ್ತೀನಿ. ನಿಮಗಿಂತ ಮುಂಚೆ ನನ್ನನ್ನ ಮೇಲೆ ಕಳಿಸ್ತೀರಾ ಹೇಗೆ?" ಅವಳ ದನಿ ಏರಿತು. "ಅಲ್ಲಿರೋ ಒಬ್ಬರ ಕಣ್ಣಿನ ಚಿಂತೆ ನಿಮಗೆ. ಅವರನ್ನ ನೋಡ್ಕೊಳ್ಳೋಕೆ ದೇವರಿದ್ದಾನೆ. ಈ ಅಜ್ಜಿಗೆ ಯಾರಿದ್ದಾರೆ? ನೀವೇ ತಾನೆ? ಭಕ್ತಿಯಂತೆ, ಭಕ್ತಿ! ಸೋಮಾರಿತನಕ್ಕೆ ಬಿಳಿ ಅಂಗಿ ಬೇರೆ ಕೇಡು."

ಅವನು ತುಂಬ ಹೊತ್ತು ಡ್ರಾಯರನ್ನೇ ನೋಡಿದ. ಆಮೇಲೆ ಬಟ್ಟೆಯೊಂದನ್ನು ತೆಗೆದುಕೊಂಡು ಕುರ್ಚಿ ಒರೆಸಿದ.

"ಮೊದಲು ನಿಮ್ಮದು ನೋಡ್ತೀನಿ. ಕೂತ್ಕೊಳ್ಳಿ."

ಅವಳ ಮೂಗಿನ ಮೇಲೆ ದುಂಡನೆಯ ಭಾರದ ಚೌಕಟ್ಟೊಂದು ಕೂತಿತು. ಅವನು ಬಗ್ಗಿ ಅದರೊಳಕ್ಕೆ ಒಂದೊಂದೇ ಗಾಜು ಇಳಿಸತೊಡಗಿದ. ಅವನ ಬೆರಳ ತುದಿ ಅವಳ ಕಿವಿಯ ಹಿಂದೆ ಒಮ್ಮೆ ತಗುಲಿ, ತಪ್ಪು ಮಾಡಿದಂತೆ ಸರಿಯಿತು.

"ಈಗ?"

"ಮಂಜು."

"ಈಗ?"

"ಪರವಾಗಿಲ್ಲ."

ಮತ್ತೊಂದು ಗಾಜು ಟಿಕ್ ಎಂದಿತು. ಅವಳ ಕಣ್ಣೆದುರಿಗಿದ್ದ ಮಸುಕು ಒಮ್ಮೆಲೇ ಒಬ್ಬ ಮನುಷ್ಯನಾಯಿತು. ಗಲ್ಲದ ಮೇಲೆ ಬ್ಲೇಡು ತಾಗಿದ ಸಣ್ಣ ಗೆರೆ. ಬಿಳಿಯಾಗತೊಡಗಿದ ಹುಬ್ಬಿನ ಒಂದೇ ಒಂದು ಕೂದಲು. ಅಷ್ಟು ಹತ್ತಿರದಲ್ಲಿ, ಅವಳ ಕಣ್ಣೊಳಗೇ ಇಳಿದು ಹುಡುಕುತ್ತಿದ್ದ ಎರಡು ಕಂದುಗಣ್ಣು.

"ಈಗ ಕಾಣ್ತಿದೆಯಾ?"

"ಕಾಣ್ತಿದೆ," ಎಂದಳು. ಕಣ್ಣು ಕೀಳಲಾಗಲಿಲ್ಲ. ನಲವತ್ತೇಳು ವರ್ಷಕ್ಕೆ, ಅಬ್ಬಾ ನಿನ್ನ ಯೋಗ್ಯತೆಯೇ, ಎಂದು ತನ್ನನ್ನೇ ಜರೆದುಕೊಂಡಳು. ಕಥೆಪುಸ್ತಕದ ಹುಡುಗಿಯರು ಮೂರ್ಛೆ ಹೋಗುವ ಜಾಗ ಇದು. ಅವಳು ಮೂರ್ಛೆ ಹೋಗುವ ಬದಲು, "ಗಡ್ಡ ಸರಿಯಾಗಿ ಕೆರ್ಕೊಳ್ಳೋಕೂ ಬರಲ್ವಾ ನಿಮಗೆ?" ಎಂದಳು.

ಅವನು ಮೊದಲ ಸಲ ನಕ್ಕ.

ಮರುದಿನ ಶಟರ್ ಪೂರ್ತಿ ಎತ್ತಿತ್ತು. ಮೂರನೆಯ ದಿನ ಬಸ್ ಡ್ರೈವರ್ ಕನ್ನಡಕ ಹಾಕಿಕೊಂಡು, ಕಂಡಕಂಡವರಿಗೆಲ್ಲ ಹಾರನ್ ಹೊಡೆಯುತ್ತ ಹೋದ. ನಾಲ್ಕನೆಯ ದಿನ ಹನ್ನೆರಡೂವರೆಗೆ ಅವಳು ಊಟದ ಡಬ್ಬಿ ಹಿಡಿದು ಹೊರಟಳು. ಹೊಟ್ಟೆಗಿಲ್ಲದವನ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಲೆನ್ಸ್ ಉಜ್ಜಲಾಗದು, ಅಷ್ಟೇ ಕಾರಣ.

"ಡಬ್ಬಿ ಎಲ್ಲಿಗೆ ಹೊರಡ್ತು?" ಎಂದಳು ಅತ್ತಿಗೆ, ಪ್ರಾರ್ಥನೆಯ ಪುಸ್ತಕದಿಂದ ತಲೆಯೆತ್ತದೆ.

"ಭೂಮಿ ಮೇಲೆ ಇರೋರಿಗೆ."

"ಜನ ಏನಾದ್ರೂ ಅಂದ್ಕೊಂಡಾರು ಕಣೇ."

"ಪ್ರಯಾಣಿಕರು ತಾನೆ ಅತ್ತಿಗೆ, ಅಂದ್ಕೊಂಡು ಇಳಿದು ಹೋಗ್ತಾರೆ ಬಿಡಿ."

ಅಂಗಿಯ ಮೊದಲ ಟ್ರಯಲ್‌ಗೆ ಅವನು ಬಂದಾಗ ಸೊಂಟ ಮೂವತ್ತೊಂದಾಗಿತ್ತು. ಅವಳು ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಒಂದಂಗುಲ ಸಡಿಲಿಸಿದಳು. ಇನ್ನೊಂದು ತಿಂಗಳಿಗೆ ಮೂವತ್ತಮೂರೂವರೆ.

"ಪರಲೋಕಕ್ಕೆ ಹೊರಟೋರ ಲಕ್ಷಣ ಅಲ್ಲ ಇದು," ಎಂದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಡಬ್ಬಿ ತರೋರು ಯಾರು ಮತ್ತೆ?"

"ತರೋದು ನನ್ನ ಕೆಲಸ. ಖಾಲಿ ಮಾಡಿ ಅಂತ ನಾನು ಹೇಳಿದ್ನಾ?"

ಈಗ ಅವಳ ಮೂಗಿನ ಮೇಲೆ ಪ್ಲಸ್ ಒಂದೂವರೆ ಇತ್ತು. ಅದರ ಮೇಲಿನಿಂದ ಅವನನ್ನು ನೋಡಿದರೆ ಗದರಿಸಿದಂತೆ, ಅದರೊಳಗಿನಿಂದ ನೋಡಿದರೆ ಬೇರೆಯೇ ಥರ. ಅವನು ಎರಡನ್ನೂ ಬಲ್ಲವನಾಗಿದ್ದ. ಎರಡನೆಯದಕ್ಕಾಗಿ ಕಾಯುತ್ತಿದ್ದ.

ಮೂರನೆಯ ಟ್ರಯಲ್ ಒಂದು ಶನಿವಾರ ಬೆಳಿಗ್ಗೆ. ತನ್ನ ಬಟ್ಟೆಯ ಮೇಲೆಯೇ ಬಿಳಿ ಅಂಗಿ ಏರಿಸಿಕೊಂಡ ಅವನು, ಎಂದಿನಂತೆ ಕೈ ಎತ್ತಿದ. ಎಡಗಂಕುಳಿಂದ ಸೊಂಟದವರೆಗೆ ಹೊಲಿಗೆ ಪರ್ ಎಂದು ಹರಿಯಿತು.

ಇಬ್ಬರೂ ಬಗ್ಗಿ ಹರಿದ ಜಾಗವನ್ನು ನೋಡಿದರು. ಆಮೇಲೆ ಅವನು ನಗತೊಡಗಿದ. ನಗುತ್ತ ನಗುತ್ತಲೇ ಅವನ ಕಣ್ಣು ತುಂಬಿತು.

"ನಾನು ಅವಳ ಹತ್ರ ಹೋಗಬೇಕು ಅಂತಲೇ ಇದ್ದೆ," ಎಂದ. "ಸತ್ಯವಾಗಿ. ಈಗ ಬೆಳಗ್ಗೆ ಎದ್ದ ಕೂಡಲೇ ಹನ್ನೆರಡೂವರೆ ಯಾವಾಗ ಆಗುತ್ತೆ ಅಂತ ನೋಡ್ತೀನಿ. ಕನ್ನಡಕ ಇಲ್ಲದೆ ಅವಳು ಅಲ್ಲಿ ಬಾಗಿಲಲ್ಲಿ ಕಾಯ್ತಾ ನಿಂತಿರ್ತಾಳೆ, ನಾನಿಲ್ಲಿ ಡಬ್ಬಿ ದಾರಿ ಕಾಯ್ತಿದ್ದೀನಿ. ಇದು ಮೋಸ ಅಲ್ವಾ?"

ಅವಳಿಗೆ ಒಳಗೆಲ್ಲೋ ಚುಚ್ಚಿತು. ತಾನು ಕೇಳಬೇಕೆಂದು ಕಾದಿದ್ದ ಮಾತು, ಇನ್ನೊಬ್ಬಳ ಹೆಸರಿನಲ್ಲಿ ಬಂದಿತ್ತು. ಮೆತ್ತಗೆ ಏನಾದರೂ ಹೇಳಬಹುದಿತ್ತು. ಮೆತ್ತಗೆ ಹೇಳಿದ್ದರೆ ಅವನು ಜೀವಮಾನವಿಡೀ ಆ ಬಾಗಿಲಲ್ಲೇ ನಿಂತಿರುತ್ತಿದ್ದ.

"ಅಲ್ಲಿ ಗಂಡ ಹೆಂಡತಿ ಅನ್ನೋದೇ ಇರಲ್ಲ, ಎಲ್ಲ ದೇವದೂತರ ಹಾಗೆ ಅಂತ ಪಾದ್ರಿಯವರು ಹೇಳಿದಾಗ ನಿದ್ದೆ ಮಾಡ್ತಿದ್ರಾ? ನಿಮ್ಮ ಮನೆಯವರು ಯಾವ ಬಾಗಿಲಲ್ಲೂ ನಿಂತಿಲ್ಲ. ಜೀವನವಿಡೀ ಯಾರ ಮುಖ ನೋಡಬೇಕು ಅಂತಿದ್ರೋ, ಆ ಕರ್ತನ ಮುಖ ನೋಡ್ತಾ ಇದ್ದಾರೆ. ಅದನ್ನ ಬಿಟ್ಟು ನಿಮ್ಮ ಮುಖ ನೋಡೋಕೆ ಹಿಂದೆ ತಿರುಗ್ತಾರಾ? ಅಷ್ಟು ಚೆಲುವಾಗಿದ್ದೀನಿ ಅಂದ್ಕೊಂಡಿದ್ದೀರಾ?"

ಅವನು ಹರಿದ ಅಂಗಿಯಲ್ಲಿ ನಿಂತೇ ಇದ್ದ. ಬಹಳ ದಿನದಿಂದ ಬಿಗಿಯಾಗಿದ್ದ ಭುಜ ನಿಧಾನವಾಗಿ ಇಳಿಯಿತು.

"ಹಾಗಾದ್ರೆ ಮದುವೆ ಅನ್ನೋದು ಇಲ್ಲಿ ಮಾತ್ರ ಸಿಗೋದು ಅಂದಂಗಾಯ್ತು."

"ಹೂಂ. ಅಲ್ಲಿ ಸ್ಟಾಕ್ ಇಲ್ಲ."

"ಟೈಲರಮ್ಮ."

"ಏನು?"

"ಒಂದು ಕೋಟು ಹೊಲಿದು ಕೊಡ್ತೀರಾ? ಜೇಬಿರೋದು." ಅವನು ಅವಳನ್ನೇ ನೋಡಿದ, ಅಂದು ಅಂಗಡಿಯಲ್ಲಿ ಬಗ್ಗಿ ನೋಡಿದ ಹಾಗೆ. "ಪಾದ್ರಿಯವರ ಮುಂದೆ ನಿಂತ್ಕೊಳ್ಳೋಕೆ. ನೀವೂ ಪಕ್ಕದಲ್ಲಿ ನಿಲ್ಲೋದಾದ್ರೆ."

ಅವಳು ಕನ್ನಡಕ ತೆಗೆದು ಒರೆಸಿದಳು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

"ಈ ಹೊಟ್ಟೆಗೆ ನಾಲ್ಕು ಗಜ ಸಾಲಲ್ಲ," ಎಂದಳು. "ಬಿಚ್ಚಿ ಅದನ್ನ. ಮತ್ತೆ ಅಳತೆ ತಗೋಬೇಕು."

ಈ ಸಲ ಟೇಪು ಹಿಡಿದ ಕೈ ಅವನ ಎದೆಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿತು. ಎಷ್ಟಂಗುಲ ಎಂದು ಇಬ್ಬರೂ ನೋಡಲಿಲ್ಲ.

ಹೊರಡುವಾಗ ಅವನು ಮೇಜಿನ ಮೇಲೆ ಒಂದು ಕನ್ನಡಕ ಇಟ್ಟ. ದಪ್ಪ ಗಾಜು, ಒಂದು ಕಡ್ಡಿಗೆ ದಾರ ಸುತ್ತಿತ್ತು. "ಇನ್ನು ಬೇಡ. ನೀವೇ ಎಲ್ಲಾದ್ರೂ ಹಾಕಿಬಿಡಿ. ಈ ಪವರ್ ಯಾರಿಗೂ ಆಗಲ್ಲ."

ಅವನು ಹೋದ ಮೇಲೆ ಅವಳು ಹರಿದ ಬಿಳಿ ಅಂಗಿಯನ್ನು ಮಡಿಲಿಗೆಳೆದುಕೊಂಡಳು. ಕೋಟು ಬಂದ ಮಾತ್ರಕ್ಕೆ ಇದು ಬೇಡವಾಗುವುದಿಲ್ಲ. ಯಾವತ್ತೋ ಒಂದು ದಿನ ಬೇಕೇ ಬೇಕು. ಸೋಮವಾರ ಅತ್ತಿಗೆ ನೋಡಿ ಒಪ್ಪಬೇಕು. ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಮುಗಿದಿತ್ತು, ಸಭೆ ಕೊಟ್ಟ ಬಟ್ಟೆಯ ಥಾನೂ ಮುಗಿದಿತ್ತು. ಅವಳು ಎದ್ದು ಪೆಟ್ಟಿಗೆ ತೆರೆದು, ಹಿಂದಿನ ವರ್ಷ ಅದೇ ಥಾನಿನಲ್ಲಿ ಹೊಲಿದಿಟ್ಟಿದ್ದ ತನ್ನ ಅಂಗಿಯನ್ನು ತೆಗೆದಳು. ಕೆಳಗಿನಿಂದ ಒಂದು ಗೇಣು ಅಳೆದು, ಕತ್ತರಿ ಇಟ್ಟಳು. ಮೇಲೆ ಹೋದಾಗ ತನ್ನ ಕಾಲು ಯಾರಿಗಾದರೂ ಕಂಡರೆ ಕಾಣಲಿ. ಅಲ್ಲಿಂದಲೇ ಕೊಟ್ಟ ಕಾಲು.

ಪಕ್ಕಕ್ಕೆ ಸೇರಿಸಲು ಎರಡು ಉದ್ದನೆಯ ಪಟ್ಟಿಗಳಾದವು. ಇನ್ನೊಂದು ತುಂಡು ಉಳಿಯಿತು. ಅವಳು ದಪ್ಪ ಗಾಜಿನ ಕನ್ನಡಕವನ್ನು ಮಡಚಿ ಅದರ ಮೇಲಿಟ್ಟು ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದಳು. ಅಲ್ಲಿ ಇದು ಯಾರಿಗೂ ಬೇಕಾಗುವುದಿಲ್ಲ ಎನ್ನುವುದರಲ್ಲಿ ಅವಳಿಗೆ ಈಗಲೂ ಅನುಮಾನವಿರಲಿಲ್ಲ. ಶುದ್ಧ ಮೂರ್ಖತನ. ಆದರೂ ಎಡಗಡೆ, ಹೊಸ ಪಟ್ಟಿಯ ಮಡಿಕೆಯೊಳಗೆ, ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಕೈಗೆ ಸಿಗದಂಥ ಜಾಗ ಹುಡುಕಿದಳು.

ಜೇಬಿದೆಯೆಂದು ಗೊತ್ತಿರುವವಳು ತಾನೊಬ್ಬಳೇ. ಹಾಗಾದರೆ ಆ ದಿನ ಅವನಿಗೆ ಅಂಗಿ ತೊಡಿಸಿ, ಅದರೊಳಗೆ ಕನ್ನಡಕ ಇಡುವವಳೂ ತಾನೇ ಆಗಬೇಕು. ಅಂದರೆ ಅವನಿಗಿಂತ ಒಂದು ದಿನವಾದರೂ ಹೆಚ್ಚು ತಾನಿಲ್ಲಿ ಇರಬೇಕು. ಆ ಕೊನೆಯ ದಿನಗಳ ಖಾಲಿ ಮನೆ ಅವಳ ಕಣ್ಣ ಮುಂದೆ ಬಂತು. ಆಗಲಿ, ಇರುತ್ತೇನೆ, ಎಂದು ನಿಶ್ಚಯಿಸಿದಳು.

ದಪ್ಪ ಗಾಜಿನ ಕನ್ನಡಕ ಮಷೀನಿನ ಡ್ರಾಯರಿನ ಅಡಿಗೆ ಹೋಯಿತು. ದಾರ ಮೊದಲ ಸಲಕ್ಕೇ ಸೂಜಿಯೊಳಗೆ ಇಳಿಯಿತು.

"ಏನು ಹೊಲೀತಿದ್ದೀಯೇ ಇಷ್ಟೊತ್ತು?" ಅಡುಗೆಮನೆಯಿಂದ, ಸೋರುವ ನಲ್ಲಿಯ ಸದ್ದಿನಾಚೆಯಿಂದ ಅತ್ತಿಗೆ ಕೂಗಿದಳು.

"ಏನಿಲ್ಲ ಅತ್ತಿಗೆ," ಎಂದಳು ಅವಳು. "ಅಂಚು."