ಸ್ಟೇರಿಂಗ್ ಮೇಲೆ ಇನ್ನೊಂದು ಕೈ

"ನಾನು ಗಾಡಿ ಕೆಳಗೆ ಇರುವಾಗ ಸ್ಟೇರಿಂಗ್ ಮುಂದೆ ಯಾರನ್ನೂ ಕೂರಿಸಲ್ಲ. ಯಾರನ್ನೂ."

ಹದಿನಾರು ವರ್ಷದ ಹಿಂದೆ, ಆಸ್ಪತ್ರೆಯ ಕಬ್ಬಿಣದ ಮಂಚದ ಪಕ್ಕ ನಿಂತು ಅವಳು ಅಪ್ಪನಿಗೆ ಕೊಟ್ಟ ಮಾತು ಅದು. ಆಗ ಅವಳಿಗೆ ಹದಿನಾಲ್ಕು. ಅಪ್ಪನ ಎಡಗೈಗೆ ದಪ್ಪನೆಯ ಬ್ಯಾಂಡೇಜ್. ಅದರೊಳಗೆ ಉಳಿದದ್ದು ಮೂರೇ ಬೆರಳು.

ಅಪ್ಪ ಒಂದು ಗಾಡಿಯ ಕೆಳಗೆ ಮಲಗಿ, ಮುಂದಿನ ಆಕ್ಸಲ್ಲಿನ ರಾಡುಗಳ ಮೇಲೆ ಕೈಯಾಡಿಸುತ್ತ ಸಡಿಲ ಎಲ್ಲಿದೆ ಎಂದು ಹುಡುಕುತ್ತಿದ್ದ. ಅವನು ಹೇಳುವ ಮೊದಲೇ, ಮೇಲೆ ಕೂತವರ ಕೈ ಸ್ಟೇರಿಂಗ್ ತಿರುಗಿಸಿಬಿಟ್ಟಿತ್ತು.

"ನಾನೇ ಬಂದು ಕೂರ್ತೀನಿ ಅಂದರೂ ಬೇಡ ಅನ್ನಬೇಕು, ಪುಟ್ಟಿ" ಎಂದಿದ್ದ ಅಪ್ಪ.

ಈಗ ಶೆಡ್ ಅವಳದು. ಮೊಣಕೈವರೆಗೆ ಗ್ರೀಸ್, ತಲೆಗೊಂದು ಬಣ್ಣ ಮಾಸಿದ ಬಟ್ಟೆ. ಬೀದಿಯವರಿಗೆಲ್ಲ ಅವಳು ಸ್ಪ್ಯಾನರಕ್ಕ. ಒಬ್ಬಳೇ ಜ್ಯಾಕ್ ಏರಿಸುತ್ತಾಳೆ, ಒಬ್ಬಳೇ ಚಕ್ರ ಬಿಚ್ಚುತ್ತಾಳೆ. ಆ ಮಾತು ಒಮ್ಮೆಯೂ ತಪ್ಪಿರಲಿಲ್ಲ.

ಕನ್ನಡಕದವನು ಬರುವವರೆಗೆ ಅದು ಕಷ್ಟ ಅಂತಲೂ ಅನಿಸಿರಲಿಲ್ಲ.

*

"ಯಾರಾದರೂ ಇದೀರಾ? ಮೆಕ್ಯಾನಿಕ್ ಬೇಕಿತ್ತು."

"ಮೆಕ್ಯಾನಿಕ್ ಕಾಲನ್ನೇ ತುಳೀತಾ ಇದೀರಿ. ಸ್ವಲ್ಪ ಹಿಂದೆ ಸರೀರಿ."

ಅವನು ಬೆಚ್ಚಿ ಹಾರಿದ. ಲಾರಿಯ ಕೆಳಗಿಂದ ಜಾರಿ ಹೊರಬಂದ ಅವಳಿಗೆ ಮೊದಲು ಕಂಡದ್ದು ಧೂಳು ಹಿಡಿದ ಬೂಟು. ಆಮೇಲೆ ಜೇಬಿನಲ್ಲೊಂದು ಚಿಕ್ಕ ಡೈರಿ. ಕೊನೆಗೆ, ದಪ್ಪ ಗಾಜಿನ ಹಿಂದೆ ಅಗಲವಾಗಿ ಅರಳಿಕೊಂಡಿದ್ದ ಎರಡು ಕಣ್ಣು.

ಎಂಥಾ ಕಣ್ಣಪ್ಪಾ ಇವು... ಅಂದುಕೊಂಡಳು. ತಕ್ಷಣ ತನ್ನ ಮೇಲೇ ಸಿಟ್ಟು ಬಂತು.

"ಏನು ತೊಂದರೆ?"

"ನಡುಗುತ್ತೆ."

"ಗಾಡೀನಾ, ನೀವಾ?"

"ಮೊದಲು ಗಾಡಿ. ಅದನ್ನ ನೋಡಿ ಆಮೇಲೆ ನಾನು."

ಅವಳಿಗೆ ನಗು ತಡೆಯಲಾಗಲಿಲ್ಲ.

ಅವನದು ಕನ್ನಡಕ ಮಾಡುವ ಕೆಲಸ. ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಇರುವ ಹಳೇ ಗಾಡಿಯಲ್ಲಿ ಗಾಜಿನ ಪೆಟ್ಟಿಗೆ ತುಂಬಿಕೊಂಡು, ಬೆಟ್ಟದ ಮೇಲಿನ ಮನೆಮನೆಗೆ ಹೋಗಿ ಕಣ್ಣು ಪರೀಕ್ಷೆ ಮಾಡುತ್ತಾನೆ. ಅವನು ಡೈರಿ ತೆರೆದು ಓದತೊಡಗಿದ.

"ವೇಗ ಐವತ್ತರ ಹತ್ತಿರ ಇರಬೇಕು. ಎಡಗಡೆ ಚಕ್ರ ಗುಂಡಿಗೆ ಇಳೀಬೇಕು. ಬಲಗಡೆದು ಇಳಿದರೆ ಏನೂ ಆಗಲ್ಲ. ಇಳಿದ ತಕ್ಷಣ ಸ್ಟೇರಿಂಗ್ ಆ ಕಡೆ ಈ ಕಡೆ ಒದರೋಕೆ ಶುರುಮಾಡುತ್ತೆ. ಇಪ್ಪತ್ತಕ್ಕೆ ಇಳಿಸಿದರೆ ತಾನಾಗೇ ನಿಲ್ಲುತ್ತೆ. ಇಲ್ಲಿವರೆಗೆ ಹನ್ನೊಂದು ಸಲ."

"ಹನ್ನೊಂದನ್ನೂ ಬರೆದಿಟ್ಟಿದೀರಾ?"

"ಬರೀಬಾರದಿತ್ತಾ?"

ಶೆಡ್ಡಿಗೆ ಬರುವವರೆಲ್ಲ "ಏನೋ ಒಂಥರಾ ಸೌಂಡು" ಅನ್ನುವವರೇ. ಎಡ, ಬಲ, ವೇಗ ಎಲ್ಲ ಗಮನಿಸಿ ಬಂದ ಮೊದಲ ಮನುಷ್ಯ ಇವನು. ಒಳಗೆಲ್ಲೋ ಕುತೂಹಲ ಕಿವಿ ನೆಟ್ಟಗೆ ಮಾಡಿ ಕೂತಿತು... ಗಾಡಿಯ ಮೇಲೋ, ಅವನ ಮೇಲೋ, ಅವಳಿಗೇ ಗೊತ್ತಾಗಲಿಲ್ಲ.

ಜ್ಯಾಕ್ ಏರಿಸಿ ಚಕ್ರ ಎತ್ತಿದಳು. ಗಡಿಯಾರದಲ್ಲಿ ಹನ್ನೆರಡೂ ಆರೂ ಇರುವ ಜಾಗ ಹಿಡಿದು ಅಲುಗಿಸಿದಳು. ಗಟ್ಟಿ. ಮೂರು, ಒಂಬತ್ತರ ಜಾಗ ಹಿಡಿದಳು. ಒಂದು ಕೂದಲೆಳೆಯಷ್ಟು ಆಟ.

"ಮೇಲೆ ಕೆಳಗೆ ಆಡಿದರೆ ಬೇರಿಂಗು. ಅಡ್ಡಕ್ಕೆ ಆಡಿದರೆ ಸ್ಟೇರಿಂಗ್ ರಾಡಿನ ತುದಿ" ಎಂದಳು.

"ಅದು ನಿಮ್ಮ ಕೈಗೆ ಹೇಗೆ ಗೊತ್ತಾಗುತ್ತೆ?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

*

ರಾಡಿನ ತುದಿ ಬದಲಾಯಿತು. ನಾಲ್ಕೇ ದಿನಕ್ಕೆ ಅವನು ವಾಪಸ್. "ಹನ್ನೆರಡು."

ಬೇರಿಂಗ್ ತೊಳೆದು, ಗ್ರೀಸ್ ತುಂಬಿ, ಬಿಗಿ ಮಾಡಿ ಕಳಿಸಿದಳು. "ಹದಿಮೂರು."

ಪಕ್ಕದ ಟೈರ್ ಅಂಗಡಿಯ ಅತ್ತೆಯ ಹತ್ತಿರ ಚಕ್ರಗಳ ಬ್ಯಾಲೆನ್ಸ್ ಮಾಡಿಸಿದ್ದೂ ಆಯಿತು. "ಹದಿನಾಲ್ಕು."

ಬಂದಾಗಲೆಲ್ಲ ಅವನು ಹಳೇ ಟೈರಿನ ಮೇಲೆ ಕೂತು ಕೇಳುತ್ತಿದ್ದ. ಅವಳೂ ಕೇಳುತ್ತಿದ್ದಳು.

"ಅಕ್ಷರ ಬರದ ಅಜ್ಜಿಗೆ ಎಷ್ಟು ಕಾಣುತ್ತೆ ಅಂತ ಹೇಗೆ ಕಂಡುಹಿಡೀತೀರಿ?"

"ಅವರನ್ನೇ ಕೇಳ್ತೀನಿ. ಈ ಗಾಜು ಚೆನ್ನಾಗಿದೆಯಾ, ಆ ಗಾಜಾ ಅಂತ. ಅವರು ಹೇಳಿದ್ದನ್ನ ನಂಬ್ತೀನಿ. ಅಷ್ಟೇ."

ಟೈರ್ ಅತ್ತೆಗೆ ಮಾತ್ರ ಇದೆಲ್ಲ ನೋಡಿ ಹೊಟ್ಟೆತುಂಬ ನಗು.

"ಲೇ ಸ್ಪ್ಯಾನರಕ್ಕ, ಆ ಗಾಡಿಗೆ ಏನೂ ಆಗಿಲ್ಲ ಕಣೇ. ನಿನ್ನ ನೋಡೋಕೆ ಬರಬೇಕಲ್ಲ, ಪಾಪ, ಅವನಾದರೂ ಎಷ್ಟು ನೆಪ ಹುಡುಕ್ತಾನೆ."

"ಸುಮ್ನಿರತ್ತೆ."

ಆದರೆ ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ನಿಜವಾಗಿರಲಿ ಅನ್ನಿಸಿತು. ನಿಜವಾದರೆ... ತನ್ನ ಕೆಲಸವನ್ನೇ ಆಟ ಮಾಡಿಕೊಂಡನಲ್ಲ ಎಂದೂ ಚುಚ್ಚಿತು.

ಅಂದು ಅವಳೇ ಗಾಡಿ ತೆಗೆದುಕೊಂಡು ಗುಂಡಿ ರಸ್ತೆಯಲ್ಲಿ ಮೂರು ಸುತ್ತು ಹೊಡೆದಳು. ಒಂದು ಸಲವೂ ನಡುಗಲಿಲ್ಲ. ಸನ್ನೆಕೋಲು ಹಾಕಿ ಒಂದೊಂದು ಕೀಲನ್ನೂ ಮೀಟಿ ನೋಡಿದಳು. ಬೋಲ್ಟುಗಳಿಗೆಲ್ಲ ಸ್ಪ್ಯಾನರ್ ಹಾಕಿದಳು. ಎಲ್ಲವೂ ಬಿಗಿ.

ಕೀ ತಂದು ಅವನ ಕೈಗಿಟ್ಟಳು.

"ನಿಮ್ಮ ಗಾಡಿಗೆ ಏನೂ ಆಗಿಲ್ಲ. ಮಾತಾಡಬೇಕು ಅನಿಸಿದರೆ ನೇರವಾಗಿ ಬನ್ನಿ. ಇಲ್ಲದ ಕಾಯಿಲೆ ಹೊತ್ಕೊಂಡು ಬರಬೇಡಿ."

ಅವನ ಮುಖ ಸಣ್ಣದಾಯಿತು.

"ಮಾತಾಡಬೇಕು ಅನಿಸೋದು ನಿಜ. ಆದರೆ ಕಾಯಿಲೆ ಸುಳ್ಳಲ್ಲ, ಮೇಡಂ." ಕನ್ನಡಕ ತೆಗೆದು ಒರೆಸಿಕೊಂಡ. "ಕಣ್ಣು ಕಾಣಲ್ಲ ಅಂತ ಬಂದವರಿಗೆ, ಕಾಣುತ್ತೆ ಹೋಗಿ ಅಂತ ನಾನು ಯಾವತ್ತೂ ಅಂದಿಲ್ಲ. ನಾಳೆ ಒಂಬತ್ತಕ್ಕೆ ಬೆಟ್ಟಕ್ಕೆ ಹೊರಡ್ತೀನಿ, ಮೂರು ವಾರ. ನಿಧಾನವಾಗೇ ಓಡಿಸ್ತೀನಿ."

ಗಾಡಿ ತಿರುವಿನಲ್ಲಿ ಮರೆಯಾಯಿತು. ಆ ಬೆಟ್ಟದ ದಾರಿಯಲ್ಲಿ ಒಂದು ಪಕ್ಕ ಪ್ರಪಾತ ಎನ್ನುವುದು ಅವಳಿಗೆ ಆಗ ನೆನಪಾಯಿತು.

*

ಸಂಜೆ ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡ.

"ಎಲ್ಲ ನೋಡಿದೆಯಾ?"

"ಎಲ್ಲ."

"ಚಕ್ರ ಎತ್ತಿ ನೋಡಿದೀಯ. ನೆಲದ ಮೇಲೆ ನಿಲ್ಲಿಸಿ?"

ನೋಡಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಚಕ್ರ ಎತ್ತಿದರೆ ಭಾರ ಹೋಗುತ್ತದೆ, ಕೆಲವು ಸಡಿಲಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಅವನ್ನು ಹಿಡಿಯಲು ಗಾಡಿ ನೆಲದ ಮೇಲೇ ನಿಂತಿರಬೇಕು. ಮೇಲೆ ಒಬ್ಬರು ಸ್ಟೇರಿಂಗನ್ನು ಅತ್ತಿತ್ತ ಸಣ್ಣಗೆ ಆಡಿಸಬೇಕು. ಕೆಳಗೆ ಒಬ್ಬರು ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ಕಾಯಬೇಕು.

ಒಬ್ಬರ ಕೈಲಿ ಆಗುವ ಕೆಲಸವೇ ಅಲ್ಲ.

"ನಾನು ಬರಲಾ?" ಎಂದ ಅಪ್ಪ.

"ನೀನು ಬಂದರೂ ಬೇಡ ಅನ್ನು ಅಂತ ನೀನೇ ಹೇಳಿದೀಯಲ್ಲ."

ಮಾತು ವಾಪಸ್ ತಗೊಂಡೆ ಎಂದು ಅಪ್ಪ ಹೇಳಲಿಲ್ಲ. ಅವಳೂ ಕೇಳಲಿಲ್ಲ.

*

ಬೆಳಿಗ್ಗೆ ಎಂಟೂವರೆಗೆ ಕನ್ನಡಕದವನ ಅಂಗಡಿಯ ಮುಂದೆ ನಿಂತಿದ್ದಳು. ಹೆಗಲಲ್ಲಿ ಗೋಣಿಚೀಲ, ಕೈಯಲ್ಲಿ ಟಾರ್ಚು. ಅವನು ಕೊನೆಯ ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತಿದ್ದ.

"ಗಾಡಿಗೆ ಏನೂ ಆಗಿಲ್ಲ ಅಂದಿರಿ?"

"ತಪ್ಪು ಹೇಳಿದೆ. ನಾನು ಮಾಡದೇ ಇರೋ ಪರೀಕ್ಷೆ ಒಂದಿದೆ. ಅದನ್ನ ಮಾಡೋದಕ್ಕಿಂತ ನೀವು ಸುಳ್ಳು ಹೇಳ್ತೀರಿ ಅಂದ್ಕೊಳ್ಳೋದು ಸುಲಭವಾಯ್ತು ನಂಗೆ."

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು. ಗೋಣಿಚೀಲ ಹಾಸಿದಳು. ಆಮೇಲೆ, ಅಲ್ಲೇ ನಿಂತುಬಿಟ್ಟಳು.

"ನೀವು... ಮೇಲೆ ಕೂರಬೇಕು."

"ಈಗ ನಡುಗ್ತಿರೋದು ಗಾಡಿ ಅಲ್ಲ, ನೀವು."

"ನಮ್ಮಪ್ಪನ ಎರಡು ಬೆರಳು ಹೋಗಿದ್ದು ಹೀಗೇ." ಅವಳು ನೆಲ ನೋಡಿದಳು. "ಸ್ಟೇರಿಂಗ್ ಹಿಡಿದಿದ್ದು ನಾನು. ಅಪ್ಪನಿಗೆ ಸಹಾಯ ಮಾಡೋ ಆತುರ. ಹೇಳೋಕೆ ಮುಂಚೆ ತಿರುಗಿಸಿಬಿಟ್ಟೆ. ಅಪ್ಪ ಅಂದರೆ ಪ್ರಾಣ ನಂಗೆ... ಆದರೂ ಹಾಗಾಯ್ತು. ಅವತ್ತಿಂದ ಯಾರನ್ನೂ ಕೂರಿಸಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದೀನಿ."

ನಾನು ಹಾಗೆ ಮಾಡಲ್ಲ ಎಂದು ಅವನು ಆಣೆ ಹಾಕಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದ.

"ಪ್ರತಿ ಸಲ ನಿಮ್ಮನ್ನ ಕೇಳಿ ತಿರುಗಿಸಲಾ? ನೀವು ಹೂಂ ಅಂದರೆ ಮಾತ್ರ."

ಅವಳು ಅವನನ್ನೇ ನೋಡಿದಳು. ಕೀ ಅವನ ಕೈಯಲ್ಲೇ ಇತ್ತು. ತಲೆಯ ಬಟ್ಟೆ ಬಿಗಿದುಕೊಂಡು ಕೆಳಗೆ ಜಾರಿದಳು.

ಎಂಜಿನ್ ಗುರುಗುಟ್ಟಿತು. ಅವಳು ಟಾರ್ಚು ಹಚ್ಚಿ ಮೊದಲ ಕೀಲಿನ ಮೇಲೆ ಬೆರಳಿಟ್ಟಳು.

"ಎಡಕ್ಕೆ, ಒಂದು ಬೆರಳಷ್ಟು."

"ಕೈ ಎಲ್ಲಿದೆ?"

"ರಾಡಿನ ತುದಿ ಮೇಲೆ."

"ಸಿಕ್ಕಿಹಾಕಿಕೊಳ್ಳಲ್ಲ ತಾನೇ?"

"ಇಲ್ಲ."

"ತಿರುಗಿಸಲಾ?"

"ಹೂಂ."

ಒಂದು ಬೆರಳಷ್ಟೇ ತಿರುಗಿತು. ಅಲ್ಲೇ ನಿಂತಿತು.

ಮೊದಲ ಕೀಲಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ತಾಳ್ಮೆ. ಏಳನೆಯ "ಹೂಂ" ಹೊತ್ತಿಗೆ ತನ್ನ ಹೆದರಿಕೆ ಎಲ್ಲಿ ಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಓರೆ ರಾಡೊಂದಿರುತ್ತದೆ. ಅದು ಗಾಡಿಯ ಕಬ್ಬಿಣದ ಚೌಕಟ್ಟಿಗೆ ಸೇರುವ ಜಾಗದಲ್ಲಿ ಬೆರಳಿಟ್ಟಳು.

"ಹೂಂ."

ಟಕ್.

ಕಿವಿಗೆ ಕೇಳಿಸಲಿಲ್ಲ, ಬೆರಳಿಗೆ ಕೇಳಿಸಿತು.

"ಇನ್ನೊಂದ್ಸಲ... ಬಲಕ್ಕೆ." ಟಕ್.

ಅವಳು ಅಲ್ಲೇ ಮಲಗಿ ನಕ್ಕಳು. ಕಣ್ಣು ಮಂಜಾಯಿತು.

"ಸಿಕ್ತು. ಬೋಲ್ಟ್ ಬಿಗಿಯಾಗೇ ಇದೆ, ಅದಕ್ಕೇ ನಾನು ಮೋಸಹೋದೆ. ಅದು ಕೂರೋ ತೂತು ಸವೆದು ಮೊಟ್ಟೆ ಆಕಾರ ಆಗಿದೆ. ನಿನ್ನೆ ನಾನು ಓಡಿಸಿದ್ದು ಖಾಲಿ ಗಾಡಿ, ನೀವು ಓಡಿಸೋದು ಪೆಟ್ಟಿಗೆ ತುಂಬಿ. ನಿಮ್ಮ ಹದಿನಾಲ್ಕೂ ನಿಜ."

"ಬೆಟ್ಟಕ್ಕೆ ಹೋಗಬಹುದಾ?"

"ಬೇಡವೇ ಬೇಡ. ತೂತು ತುಂಬಿಸಿ, ಹೊಸದಾಗಿ ಕೊರೀಬೇಕು. ಎರಡು ದಿನ."

ಎಂಜಿನ್ ನಿಂತಿತು. ಬೀದಿಯೇ ನಿಶ್ಶಬ್ದವಾದಂತಾಯಿತು.

"ಇನ್ನೊಂದು ಕೇಳೋದಿದೆ. ಕೈ ಎಲ್ಲಿದೆ?"

"ಎದೆ ಮೇಲೆ. ನನ್ನದೇ ಎದೆ, ಹೆದರಬೇಡಿ. ಕೇಳಿ."

"ಗಾಡಿ ಸರಿಹೋದ ಮೇಲೆ, ಯಾವ ಕಾಯಿಲೆನೂ ಇಲ್ಲದೆ, ಬರಬಹುದಾ ನಾನು? ದಿನಾ... ಯಾವಾಗಲೂ?"

"ಟೈರ್ ಅತ್ತೆ ಬಾಯಿಗೆ ಬೀಗ ಹಾಕೋರು ಯಾರು?"

"ಹಾಗಾದರೆ ಬೇಡವಾ?"

"ಬೇಡ ಅಂದೆನಾ?"

"ಹೂಂ ಅಂತಲೂ ಅನ್ನಲಿಲ್ಲ. ನೀವು ಅನ್ನದೆ ನಾನು ಏನೂ ಮಾಡಲ್ಲ."

ಅವಳು ಗಾಡಿಯ ಕೆಳಗಿಂದ ಹೊರಗೆ ಜಾರಿ ಬಂದಳು. ಕೆನ್ನೆಗೆ ಗ್ರೀಸ್ ಮೆತ್ತಿತ್ತು. ಅವನು ಸೀಟಿನಿಂದ ಬಗ್ಗಿ, ನೋಡುತ್ತಿದ್ದ.

"ಹೂಂ" ಎಂದಳು.

ಮಧ್ಯಾಹ್ನ ಮನೆಗೆ ಹೋಗಿ ಅಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದಳು. ಹದಿನಾರು ವರ್ಷದ ಮಾತನ್ನು ಅವಳು ಮುರಿದಿದ್ದಳು. "ಪ್ರತಿ ಸಲ ಕೇಳಿ ತಿರುಗಿಸಿದ ಅಂದೆಯಲ್ಲ, ಆ ಮಾತು ಇನ್ನು ಸಾಕು ಪುಟ್ಟಿ" ಎಂದ ಅಪ್ಪ, ಮೂರು ಬೆರಳಿನ ಕೈಯನ್ನು ಅವಳ ತಲೆ ಮೇಲಿಟ್ಟು.