ತಳದಲ್ಲಿ ಎಲೆ ಗೀಚಿದ ಬಾಟಲಿ

"ಆ ಪ್ಲಾಸ್ಟಿಕ್ ಕ್ಯಾನು ನನ್ನ ಅಂಗಡಿ ಹೊಸಿಲು ದಾಟೋ ಹಾಗಿಲ್ಲ. ತಗೊಂಡು ಹೋಗಿ."

ಹಾಲಿನ ಕ್ಯಾನುಗಳನ್ನು ಹಿಡಿದು ಕ್ಯಾಲಮ್ ಬಾಗಿಲಲ್ಲೇ ನಿಂತ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ಟ್ಯಾಮ್ಸಿನ್... ಸಿಗ್ನೆಟ್ ಎಂಬ ಸೇಬಿನ ತೋಟಗಳ ಊರಿನಲ್ಲಿ ಕಸವೇ ಹುಟ್ಟದ ಅಂಗಡಿ ಇಟ್ಟವಳು. ಬೇಳೆಯಾಗಲಿ, ಸೋಪಿನ ನೀರಾಗಲಿ, ಅಲ್ಲಿ ಏನು ಬೇಕಾದರೂ ಮನೆಯಿಂದಲೇ ಡಬ್ಬಿ ತರಬೇಕು.

"ಮತ್ತೆ ಹಾಲನ್ನ ಬೊಗಸೆಯಲ್ಲಿ ತರ್ಲಾ?"

"ಗಾಜಿನ ಬಾಟಲಿಯಲ್ಲಿ ತನ್ನಿ. ಖಾಲಿಯಾದ್ದು ತಗೊಂಡು ಹೋಗಿ, ತೊಳೆದು, ಮತ್ತೆ ತುಂಬಿ. ನಿಮ್ಮಜ್ಜ ಹಾಗೇ ಮಾಡ್ತಿದ್ರಂತಲ್ಲ?"

ಬೈಸಿಕೊಂಡು ಹೋದವನು ಕೆಲವೇ ವಾರಗಳಲ್ಲಿ ಗಾಜಿನ ಬಾಟಲಿಗಳೊಂದಿಗೆ ಬಂದ. ತೊಳೆಯುವ ಹಳೇ ಯಂತ್ರವೊಂದನ್ನೂ ಕೊಂಡಿದ್ದ. ಟ್ಯಾಮ್ಸಿನ್ ಮನಸ್ಸು ಅಲ್ಲೇ ಜಾರಿತ್ತು, ಒಪ್ಪಿಕೊಳ್ಳಲು ಬಿಗುಮಾನ ಅಷ್ಟೆ.

ಭಾನುವಾರದ ಸಂತೆಯಲ್ಲಿ ಸೇಬಿನ ಪೆಟ್ಟಿಗೆಯ ಮೇಲೆ ನಿಂತು ಅವಳು ಊರಿಗೇ ಹೇಳಿದಳು. "ಇವನ ಹಾಲು ಕೊಳ್ಳಿ. ಒಂದು ಬಾಟಲಿಯೂ ದಂಡ ಆಗಲ್ಲ. ನಾನು ಮಾತು ಕೊಡ್ತೀನಿ."

ಜನ ನಂಬಿದರು. ಮೊದಲು ಮನೆಗಳು, ಆಮೇಲೆ ಕೆಫೆಗಳು, ಕೊನೆಗೆ ಮೂಗು ಮುರಿಯುತ್ತಿದ್ದ ಬೇಕರಿಯವನೂ ಗಾಜಿಗೆ ಬಂದ.

ಕ್ಯಾಲಮ್ ಮದುವೆಯ ಮಾತೆತ್ತಿದ ದಿನ, ಗಿರಾಕಿಗಳ ಡಬ್ಬಿಗಳ ಮೇಲೆ ತೂಕ ಕೆತ್ತುವ ಸೂಜಿಯಿಂದ ಅವಳು ಖಾಲಿ ಬಾಟಲಿಯೊಂದರ ತಳದಲ್ಲಿ ಸೇಬಿನ ಎಲೆ ಗೀಚಿದಳು.

"ಇದು ಊರೆಲ್ಲ ಸುತ್ತಿ, ಹಾಲು ತುಂಬ್ಕೊಂಡು ನನ್ನ ಬಾಗಿಲಿಗೆ ಬರ್ಲಿ. ಅವತ್ತು ಹೂಂ ಅಂತೀನಿ."

"ಬರದೇ ಇದ್ರೆ?"

"ಯಾಕೆ ಬರಲ್ಲ? ಬಾಟಲಿ ಸುತ್ತುತ್ತಲೇ ಇರುತ್ತಲ್ಲ ಕಣೋ."

ಚಳಿಗಾಲ ಬಂತು. ದಿನಾ ಬೆಳಿಗ್ಗೆ ಬಾಟಲಿ ಎತ್ತಿ ತಳ ನೋಡುತ್ತಿದ್ದಳು. ಎಲೆಯಿಲ್ಲ. ನಾಳೆ ಬರಬಹುದು... ಹುಡುಗಿಯ ಹುಚ್ಚು ನೋಡಿ, ಹಾಗೆ ಎಷ್ಟು ನಾಳೆಗಳನ್ನು ಕಾದಳೋ.

ಒಂದು ದಿನ ಅಂಗಡಿ ತುಂಬ ಜನರಿರುವಾಗಲೇ ಎದುರುಮನೆಯ ಮಾರ್ಜ್ ಅಜ್ಜಿ ಕೇಳಿದಳು. "ನಮ್ಮ ಕಾಲದಲ್ಲಿ ಬಾಟಲಿ ಒಂದಕ್ಕೊಂದು ಉಜ್ಜಿ ಉಜ್ಜಿ ಹೊಟ್ಟೆ ಸುತ್ತ ಬಿಳೀ ಗೀರು ಬೀಳ್ತಿತ್ತು ಮಗಳೇ. ನಿನ್ನ ಹುಡುಗನ ಬಾಟಲಿ ಯಾವಾಗ್ಲೂ ಮದುಮಗಳ ಥರ ಫಳಫಳ ಅಂತಾವಲ್ಲ, ಅದೇನು ಮಾಯ?"

ಎಲ್ಲರೂ ನಕ್ಕರು. ಟ್ಯಾಮ್ಸಿನ್‌ಗೆ ನಗು ಬರಲಿಲ್ಲ. ಅಂಗಡಿ ಮುಚ್ಚಿ ನೇರ ಕ್ಯಾಲಮ್‌ನ ಹಟ್ಟಿಗೆ ಹೋದಳು.

ಅಲ್ಲಿನ ಹಳೇ ಸೇಬಿನ ಗೋದಾಮಿನ ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟಳು. ನೆಲದಿಂದ ಸೂರಿನ ತನಕ ಕ್ರೇಟುಗಳು, ಅವುಗಳ ತುಂಬ ಧೂಳು ಹಿಡಿದ ಖಾಲಿ ಬಾಟಲಿಗಳು. ಊರಿನವರು ಜೋಪಾನವಾಗಿ ತೊಳೆದು ಹಿಂತಿರುಗಿಸಿದ ಬಾಟಲಿಗಳು! ಮೂಲೆಯಲ್ಲಿ, ಹೊಸ ಬಾಟಲಿಗಳಿಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ ಹಾಳೆಗಳ ಗುಡ್ಡೆ.

"ಟ್ಯಾಮ್..." ಹಿಂದಿನಿಂದ ಕ್ಯಾಲಮ್‌ನ ದನಿ. "ಯಂತ್ರ ಕೆಟ್ಟುಹೋಯ್ತು. ರಿಪೇರಿಗೆ ಬೇಕಾದ ಭಾಗ ಎಲ್ಲೂ ಸಿಗ್ಲಿಲ್ಲ. ಸ್ವಲ್ಪ ದಿನಕ್ಕೆ ಅಂತ ಹೊಸ ಬಾಟಲಿ ತರಿಸ್ದೆ..."

"ಯಾವಾಗ ಕೆಟ್ಟಿದ್ದು?"

ಅವನು ತಲೆ ತಗ್ಗಿಸಿದ. "ನೀನು ಎಲೆ ಗೀಚಿದ ವಾರ."

ಅಂದರೆ... ಅವಳು ತಳ ನೋಡಿದ ಪ್ರತಿ ಬೆಳಿಗ್ಗೆಯೂ, ಅದು ಬರುವುದಿಲ್ಲವೆಂದು ಇವನಿಗೆ ಗೊತ್ತಿತ್ತು.

"ನನಗೆ ಹೇಳೋಕೆ ಏನಾಗಿತ್ತು ನಿನಗೆ?"

"ಊರ ಮುಂದೆ ನೀನು ಅಷ್ಟು ಹೆಮ್ಮೆಯಿಂದ ಮಾತು ಕೊಟ್ಟಿದ್ದೆ. ನಿನ್ನ ಕಣ್ಣಲ್ಲಿ ಸಣ್ಣವನಾಗೋಕೆ ಹೆದರಿದೆ."

"ಕೊಟ್ಟಿದ್ದು ನನ್ನ ಮಾತು ಕಣೋ. ಅದನ್ನೂ ಇಲ್ಲೇ ತಂದು ಪೇರಿಸಿಟ್ಟಿದ್ದೀಯ. ಇನ್ನು ನನ್ನ ಬಾಗಿಲಿಗೆ ಬರಬೇಡ."

ಅಂಗಡಿಗೆ ಮರಳಿ ಸೋಪಿನ ಪೀಪಾಯಿಗೆ ಒರಗಿ ಕೂತು ಅತ್ತಳು. ಅತ್ತದ್ದು ಪ್ರೀತಿಗೋ ಮರ್ಯಾದೆಗೋ ಅವಳಿಗೇ ತಿಳಿಯಲಿಲ್ಲ. ಭಾನುವಾರ ಸಂತೆಗೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಸುದ್ದಿ ತಂದದ್ದು ಮಾರ್ಜ್ ಅಜ್ಜಿ. "ನಿನ್ನ ಹುಡುಗ ಆ ಕೊಳಕು ಕ್ರೇಟುಗಳನ್ನೆಲ್ಲ ಸಂತೆ ಮಧ್ಯೆ ಇಳಿಸಿದ. ಪೆಟ್ಟಿಗೆ ಹತ್ತಿ, ಸುಳ್ಳು ಹೇಳಿದ್ದು ನಾನು, ಟ್ಯಾಮ್ಸಿನ್‌ಗೆ ಏನೂ ಗೊತ್ತಿರಲಿಲ್ಲ ಅಂದ. ಬೇಕರಿಯವನು ಬಾಯಿಗೆ ಬಂದ ಹಾಗೆ ಉಗಿದ. ಪಾಪ, ನಿಂತು ಉಗಿಸ್ಕೊಂಡ."

"ಪಾಪ ಅನ್ಬೇಡ ಅಜ್ಜಿ."

"ಅನ್ನಲ್ಲ ಬಿಡು. ಈಗ ಕೈಯಲ್ಲೇ ತೊಳೀತಿದ್ದಾನಂತೆ, ಅಷ್ಟನ್ನೂ."

ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಕಾಲು ಅತ್ತಲೇ ಎಳೆಯಿತು. ಕ್ಯಾಲಮ್ ಬಿಸಿನೀರಿನ ತೊಟ್ಟಿಯ ಮುಂದೆ ಬ್ರಷ್ ಹಿಡಿದು ಕೂತಿದ್ದ. ಕೈಯ ಚರ್ಮ ಸುಲಿದು ಕೆಂಪಾಗಿತ್ತು. ಅವನ ಹಿಂದಿನ ಕಿಟಕಿಯಲ್ಲಿ ಒಂದೇ ಒಂದು ಬಾಟಲಿ. ಅವಳು ಎತ್ತಿ ನೋಡಿದಳು. ತಳದಲ್ಲಿ ಎಲೆ.

"ಇದು ಯಾವಾಗ ಸಿಕ್ತು?"

"ನೀನು ಗೀಚಿದ ವಾರವೇ. ಮೊದಲ ಸುತ್ತಿಗೇ ವಾಪಸ್ ಬಂತು."

"ತೊಳೆದು ಹಾಲು ತುಂಬಿ ನನ್ನ ಬಾಗಿಲಲ್ಲಿ ಇಟ್ಟಿದ್ರೆ ಹೂಂ ಅಂದುಬಿಡ್ತಿದ್ದೆನಲ್ಲೋ..."

"ಅದಕ್ಕೇ ಇಡಲಿಲ್ಲ. ಎಲ್ಲದಕ್ಕೂ ಸುಳ್ಳು ಹೇಳಿದೆ ಟ್ಯಾಮ್. ಇದೊಂದಕ್ಕೆ ಕೈ ಬರಲಿಲ್ಲ."

ಅವಳು ಅವನ ಕೈಯಿಂದ ಬ್ರಷ್ ಕಿತ್ತುಕೊಂಡು ಎಲೆಯ ಬಾಟಲಿಯನ್ನು ತೊಳೆದಳು, ತೊಳೆದ ಮಿಕ್ಕವುಗಳ ನಡುವೆ ಸೇರಿಸಿದಳು.

"ಈಗ ನಿಜವಾಗಿ ಸುತ್ತಲಿ. ಹುಡುಕಿ ತಂದೆಯೋ, ನೋಡು ಮತ್ತೆ."

ಆ ವರ್ಷದ ಸೇಬು ಹೂಬಿಟ್ಟು, ಕಾಯಾಗಿ, ಕೊಯ್ಲೂ ಮುಗಿಯಿತು. ಬೈದು ಹೋದವರು ಒಬ್ಬೊಬ್ಬರಾಗಿ ಮರಳಿದರು, ಬೇಕರಿಯವನು ಎಲ್ಲರಿಗಿಂತ ಕೊನೆಗೆ. ಟ್ಯಾಮ್ಸಿನ್ ತಳ ನೋಡುವುದನ್ನೇ ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಹೊಸಿಲ ಮೇಲಿನ ಬಾಟಲಿ ಎತ್ತಿದಾಗ ಬೆರಳಿಗೆ ಏನೋ ತರಿತರಿಯಾಗಿ ತಗುಲಿತು. ಹೊಟ್ಟೆಯ ಸುತ್ತ ಬಿಳೀ ಗೀರು, ಯಾರ‍್ಯಾರ ಬಾಟಲಿಗಳಿಗೋ ಉಜ್ಜಿ ಉಜ್ಜಿ ಬಂದದ್ದು. ತಳ ನೋಡಿದಳು. ಎಲೆ.

ಕ್ಯಾಲಮ್ ಆಗಲೇ ಗಾಡಿ ಹತ್ತುತ್ತಿದ್ದ.

"ಏಯ್ ನಿಲ್ಲೋ. ಬೇಕಂತಲೇ ಇಟ್ಟೆಯಾ?"

"ಏನನ್ನ?" ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವಳು ಬಾಟಲಿಯನ್ನು ಎದೆಗೊತ್ತಿಕೊಂಡಳು. ಕಣ್ಣು ಮಂಜಾಯಿತು.

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ಕಣೋ. ಒಳಗೆ ಬಾ, ಟೀ ಮಾಡ್ತೀನಿ. ಬಾಟಲಿ ತೊಳೆಯೋದು ಮಾತ್ರ ನೀನೇ."